ಗಡಿಪಾರಿಗೆ ಕಾದವಳು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ದೂರು ಚಿಕ್ಕದು. ಜಯಲಕ್ಷ್ಮಿಪುರಂನ ನಿವೃತ್ತ ಇತಿಹಾಸ ಪ್ರಾಧ್ಯಾಪಕಿ ಮೈತ್ರೇಯಿಯವರ ದೇವರಮನೆಯಿಂದ ಬೆಳ್ಳಿ ಚೊಂಬೊಂದು ಮಾಯವಾಗಿತ್ತು. ಇನ್ಸ್‌ಪೆಕ್ಟರ್ ಮಾಲವಿಕಾ ಎಫ್‌ಐಆರ್ ಹಾಕಿಸಿ, ಹೆಡ್ ಕಾನ್‌ಸ್ಟೇಬಲ್ ಪ್ರಭುಸ್ವಾಮಿಯೊಡನೆ ಪಂಚನಾಮೆಗೆ ಹೊರಟಳು.

ಬೀಗ ಮುರಿದಿರಲಿಲ್ಲ. ಚೊಂಬು ಇದ್ದ ಜಾಗದ ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಚಿನ್ನದ ಬಳೆಗಳು ಇದ್ದ ಹಾಗೇ ಇದ್ದವು.

“ಎಂಥಾ ಕಳ್ಳ ಮೇಡಂ ಇವನು! ಚಿನ್ನ ಬುಟ್ಟು ಚೊಂಬು ಹೊತ್ಕೊಂಡು ಹೋಗವ್ನೆ,” ಎಂದು ಪ್ರಭುಸ್ವಾಮಿ ನಕ್ಕ.

“ಮನೆಗೆ ಯಾರ್ಯಾರು ಬರ್ತಾರೆ?” ಮಾಲವಿಕಾ ಕೇಳಿದಳು.

“ಕೆಲಸದ ಸಿಂಚನ ಒಬ್ಬಳೇ. ಅವಳು ಅಂಥವಳಲ್ಲ ಕಣಮ್ಮ,” ಎಂದರು ಮೈತ್ರೇಯಿ.

ಆ ಹೆಸರು ಪ್ರಭುಸ್ವಾಮಿಗೆ ಗೊತ್ತಿತ್ತು. ಹೋದ ತಿಂಗಳು ಬೀದರಿಗೆ ಗಡಿಪಾರಾದ ಮೊಬೈಲ್ ಕಳ್ಳ ಸಿದ್ದುವಿನ ಹೆಂಡತಿ. ಸಿದ್ದುವನ್ನು ಬಸ್ಸು ಹತ್ತಿಸಿದವನು ಇವನೇ. ಒಂದು ವರ್ಷ ಅವನು ಮೈಸೂರಿಗೆ ಕಾಲಿಡುವಂತಿರಲಿಲ್ಲ.

ಕೆಸರೆಯಲ್ಲಿ ಸಿಂಚನ ಅಣ್ಣ ಕುಮಾರನ ಮನೆಯಲ್ಲಿದ್ದಳು. ಬೀದಿಗೆ ಕಾಣುವ ಕಿಟಕಿಯಲ್ಲೇ ಚೊಂಬು ಫಳಫಳ ಹೊಳೆಯುತ್ತಿತ್ತು. ಬಾಗಿಲ ಬಳಿ ತುಂಬಿಟ್ಟ ಬ್ಯಾಗು, ಅದರ ಮೇಲೊಂದು ಗಂಡಸರ ಸ್ವೆಟರು. ಕೂಗುವ ಮೊದಲೇ ಅವಳು ಹೊರಬಂದಳು.

“ಕದ್ದೋಳು ನೀನೇನಾ?”

“ಹೂಂ ಮೇಡಂ, ನಾನೇಯ.”

“ಮಾರೋಕಾ?”

“ಅಲ್ಲ. ಬೀದರಿಗೆ ನನ್ನ ಯಾವತ್ತು ಕಳಿಸ್ತೀರಾ?”

ಮಾಲವಿಕಾ ಪ್ರಭುಸ್ವಾಮಿಯ ಮುಖ ನೋಡಿದಳು.

“ಮೈತ್ರೇಯಮ್ಮ ಹುರುಳಿಕಾಯಿ ನಾರು ತೆಗೀತಾ ಯೋಳಿದ್ರು,” ಎಂದಳು ಸಿಂಚನ. “ಇನ್ನೂರು ವರ್ಸದ ಹಿಂದೆ ಐರ್ಲೆಂಡ್ ಅನ್ನೋ ದೇಸದಲ್ಲಿ ತುಂಡು ಬಟ್ಟೆ ಕದ್ರೂ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಅಟ್ತಿದ್ರಂತೆ. ಗಂಡ ಹೋದ ಅಂತ ಕೆಲವ್ರು ಎಂಡ್ತೀರು ಬೇಕಂತ್ಲೇ ಕದ್ದು, ಅಂಗೇ ಅವ್ರ ಹಿಂದೇನೇ ಹೋದ್ರಂತೆ.”

“ಹೆಂಗಸರಿಗೆ ಬಸ್ಸಲ್ಲಿ ಟಿಕೆಟ್ಟೇ ಇಲ್ಲ. ನೀನೇ ಹೋಗಬಹುದಿತ್ತಲ್ಲಮ್ಮ?” ಪ್ರಭುಸ್ವಾಮಿ ಕೇಳಿದ.

“ಎರಡು ಸಲ ಹೊಂಟೆ ಸಾ. ಬಸ್‌ಸ್ಟ್ಯಾಂಡಿಂದ್ಲೇ ಅಣ್ಣ ಎಳ್ಕೊಂಡು ಬಂದ. ಕಳ್ಳನ ಜೊತೆ ಬಾಳುವೆ ಬ್ಯಾಡ ಅಂತ. ಸರ್ಕಾರವೇ ಕಳಿಸಿಬುಟ್ರೆ ಅವನೇನು ಮಾಡ್ತಾನೆ?”

ಚೊಂಬನ್ನು ಜಪ್ತಿ ಮಾಡಿ, ಮಧ್ಯಾಹ್ನ ಎರಡಕ್ಕೆ ಮಾಲವಿಕಾ ಅವಳನ್ನು ದಸ್ತಗಿರಿ ಮಾಡಿದಳು. ಒಂದು ಚೊಂಬಿಗೆಲ್ಲ ಗಡಿಪಾರು ಆಗುವುದಿಲ್ಲ, ಅದಕ್ಕೆ ಮೇಲಿಂದ ಮೇಲೆ ಕೇಸುಗಳಿರಬೇಕು ಎಂದು ಜೀಪಿನಲ್ಲಿ ತಿಳಿಸಿ ಹೇಳಿದಳು.

“ಇನ್ನೆಷ್ಟು ಕದೀಬೇಕು ಮೇಡಂ?”



ಮರುದಿನ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವನು ಅಣ್ಣ ಕುಮಾರ. ಕೇಸ್ ಡೈರಿಯಲ್ಲಿ ಕಳವಿನ ಉದ್ದೇಶ ‘ಗಂಡನ ಬಳಿಗೆ ಹೋಗಲು’ ಎಂದು ಬರೆದು ಮಾಲವಿಕಾ ಸಹಿ ಹಾಕಿದಳು. ಆಮೇಲೆ ಹೊರಗೆ ಬಂದು, ಅಣ್ಣನ ಪಕ್ಕ ನಿಂತಿದ್ದ ಸಿಂಚನಳಿಗೆ ಜಾಮೀನಿನ ಷರತ್ತನ್ನು ತಾನೇ ಓದಿ ಹೇಳಬೇಕಾಯಿತು: ಕೇಸು ಮುಗಿಯುವವರೆಗೆ ಆರೋಪಿ ಮೈಸೂರಿನ ಗಡಿ ದಾಟಕೂಡದು.