ಕೆಂಪು ಗೆರೆ ಬಂದದ್ದೇ ಒಳ್ಳೆಯದಾಯಿತು

“ಒತ್ತೋ, ಇನ್ನೊಂದ್ಸಲ ಒತ್ತು!” ಎಂದಳು ಚೂಟಿ.

ಗೆಳೆಯ ಡುಮ್ಮ ಶಾಲೆಯ ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಬಟನ್ ಒತ್ತಿದ. ಹಸಿರು ತಂಡದ ಸೊನ್ನೆ ಜಪ್ಪಯ್ಯ ಅಂದರೂ ಕದಲಲಿಲ್ಲ.

ಊಟದ ಬಿಡುವು ಮುಗಿದರೆ ವಾಲಿಬಾಲ್ ಮ್ಯಾಚ್. ಈ ಸಲ ಸ್ಕೋರ್ ತೋರಿಸುವುದು ತನ್ನ ಪ್ರೋಗ್ರಾಮ್ ಎಂದು ಚೂಟಿ ಇಡೀ ಶಾಲೆಗೆ ಡಂಗುರ ಸಾರಿದ್ದಳು. ಅದು ಕೈಕೊಟ್ಟರೆ ಪಿಟಿ ಸರ್ ಹಳೆಯ ಕರಿಹಲಗೆಯನ್ನೇ ತರುವವರಿದ್ದರು.

“ಒಂದೂ ತಪ್ಪಿಲ್ಲ ಮಿಸ್! ಎಲ್ಲೂ ಕೆಂಪು ಗೆರೆ ಬಂದಿಲ್ಲ ನೋಡಿ,” ಎಂದು ಚೂಟಿ ಆಚೆ ಮೇಜಿನಲ್ಲಿ ಊಟ ಮಾಡುತ್ತಿದ್ದ ಮಿಸ್ ಕಡೆ ತಿರುಗಿದಳು.

ತಪ್ಪು ಕಂಡಲ್ಲಿ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತಿತ್ತು. ಅದನ್ನು ಕಂಡರೆ ಚೂಟಿಗೆ ಮೈಯೆಲ್ಲ ಉರಿ.

ಕಂಪ್ಯೂಟರ್ ಮಿಸ್ ಊಟದ ಡಬ್ಬಿ ಮುಚ್ಚಿಟ್ಟು ಬಂದರು. “ನಿನ್ನ ‘ಕೂಡಿಸು’ ಫಂಕ್ಷನ್ನನ್ನ, ಅಂದ್ರೆ ಪಾಯಿಂಟ್ ಕೂಡಿಸೋ ಕೆಲಸಾನ, ಬಟನ್ ಕೈಗೆ ಕೊಟ್ಟಿದ್ದೀಯ. ಒಂದು ಪಾಯಿಂಟ್ ಕೂಡಿಸ್ಬೇಕು, ಸರಿ. ಯಾವ ಟೀಮ್‌ಗೆ?”

“ಹಸಿರು ಟೀಮ್‌ಗೆ. ನಂಗೊತ್ತಲ್ವಾ!”

“ನಿಂಗೊತ್ತು. ಬಟನ್‌ಗೇನು ಕನಸು ಬಿದ್ದಿತ್ತಾ?” ಎಂದ ಡುಮ್ಮ.

ಚೂಟಿ ಅವನನ್ನು ದುರುಗುಟ್ಟಿ ನೋಡಿದಳು. ಆದರೆ ಅವನು ಹೇಳಿದ್ದು ನಿಜವಾಗಿತ್ತು.

“ಫಂಕ್ಷನ್ನಿನ ಬ್ರಾಕೆಟ್ ಒಳಗೆ ಮೊದಲೇ ಬರೆದುಬಿಡು, ‘ದಿಸ್’ ಅಂದ್ರೆ, ಈ ಕೆಲಸ ಯಾರದೋ ಅದು, ಒಂದು ಟೀಮೇ ಆಗಿರ್ಬೇಕು ಅಂತ,” ಎಂದರು ಮಿಸ್. “ಟೀಮ್ ಇಲ್ದೆ ಈ ಕೆಲಸ ಆಗಲ್ಲ ಅಂತ ಕಂಪ್ಯೂಟರ್‌ಗೂ ತಿಳೀಲಿ.”

ಚೂಟಿ ಬರೆದಳು. ಬಟನ್ನಿಗೆ ಫಂಕ್ಷನ್ ಕೊಟ್ಟ ಸಾಲಿನ ಕೆಳಗೆ ಥಟ್ಟನೆ ಕೆಂಪು ಗೆರೆ ಮೂಡಿತು.

“ಕೆಡ್ತು!” ಎಂದ ಡುಮ್ಮ.

“ಸುಮ್ನಿರೋ. ಎಲ್ಲಿ ತಪ್ಪಿದೆ ಅಂತ ಹೇಳ್ತಿದೆ.” ಆ ಸಾಲನ್ನು ಅಳಿಸಿ, ಒತ್ತಿದಾಗ ಹಸಿರು ಟೀಮಿನ ‘ಕೂಡಿಸು’ ಓಡಲಿ ಎಂದು ಬರೆದಳು. ಗೆರೆ ಮಾಯವಾಯಿತು. ಡುಮ್ಮ ಬಟನ್ ಒತ್ತಿದ. ಸೊನ್ನೆ ಒಂದಾಯಿತು!

ನೀಲಿ ತಂಡಕ್ಕೂ ಹಾಗೆಯೇ ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು. ಪಿಟಿ ಸರ್ ಬಾಗಿಲಲ್ಲಿ ಇಣುಕಿದರು. “ಏನಮ್ಮ, ಹಲಗೆ ತರ್ಲಾ?”

ಇನ್ನು ಉಳಿದದ್ದು ‘ಕಳೆ’, ‘ಹೊಸ ಆಟ’ ಎಂಬ ಎರಡು ಫಂಕ್ಷನ್. ಅವನ್ನು ಚೂಟಿ ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ತಾನು ಬರೆದದ್ದು, ಸರಿಯಾಗಿಯೇ ಇರುತ್ತದೆ ಎಂದು ಸ್ವಲ್ಪ ಹೊತ್ತಿನ ಮುಂಚಿನವರೆಗೂ ನಂಬಿದ್ದಳು. ಈಗ ಅವಕ್ಕೂ ಟೀಮ್ ಬೇಕೆಂದು ಬರೆದಳು.

ಅವನ್ನು ಬಟನ್‌ಗೆ ಕೊಟ್ಟ ಎರಡೂ ಕಡೆ ಕೆಂಪು ಗೆರೆ.

ಡುಮ್ಮ ತಲೆ ಮೇಲೆ ಕೈಹೊತ್ತ. ಚೂಟಿಗೆ ಮಾತ್ರ ಎದೆ ಹಗುರವಾಯಿತು. ಮ್ಯಾಚಿನ ನಡುವೆ, ಎಲ್ಲರೆದುರು ಆಗಬೇಕಿದ್ದ ಫಜೀತಿ ಇಲ್ಲಿಯೇ ಸಿಕ್ಕಿಬಿದ್ದಿತ್ತು.

“ಹಲಗೆ ಬೇಡ ಸರ್. ಇನ್ನೆರಡು ತಪ್ಪಿದೆ, ಐದೇ ನಿಮಿಷ,” ಎಂದು ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.