ಬೆಳಕಿನ ಬೊಂಬೆ ಕೈ ಒರೆಸಿಕೊಂಡಾಗ

"ಇದೇ ಕೊನೆ ಸಲ ಕಣೇ... ಈ ಹಾಡೊಂದು ಮುಗಿಸಿಕೊಟ್ಟುಬಿಡು!" ಸೊಸೆಯ ಊದಿದ ಮೊಣಕಾಲಿಗೆ ಗುಂಡಿಯಂಥ ಸೆನ್ಸರ್ ಕಟ್ಟುತ್ತ ಗಂಡ ಗೋಗರೆದ. ಮುಖ ಎತ್ತಿ ನೋಡುವ ಧೈರ್ಯ ಅವನಿಗಿರಲಿಲ್ಲ. ಇನ್ನು ಕುಣಿದರೆ ಕಾಲು ಪೂರ್ತಿ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲೇ ಕೂತಿದ್ದವನು ಅವನು. "ಕಟ್ಟಿ, ಆಗಲಿ," ಎಂದಳು. ಬೇಡವೆನ್ನುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಹಾಡು ನಾದಿನಿಯದು. ಕಂಪ್ಯೂಟರಿನ ಮುಂದೆ ಕೂತು ಯಂತ್ರದ ತಾಳಗಳನ್ನು ಪೋಣಿಸಿ ಹಾಡು ಕಟ್ಟುವುದರಲ್ಲಿ ಆ ಹುಡುಗಿ ಎತ್ತಿದ ಕೈ. ಕುಣಿ ಎಂದರೆ ಮಾತ್ರ ಗೇಟಿನ ಕಂಬ. ಅದಕ್ಕೇ ಈ ಉಪಾಯ. ಸೊಸೆ ಕುಣಿಯುವುದು, ಗೋಡೆಯ ಕ್ಯಾಮೆರಾಗಳು ಅವಳ ಕೀಲುಕೀಲಿನ ಚಲನೆಯನ್ನು ಹಿಡಿಯುವುದು, ಗಂಡ ಆ ಚಲನೆಯನ್ನು ಪರದೆಯ ಮೇಲೆ ನಾದಿನಿಯ ಮುಖವಿಟ್ಟು ಕಟ್ಟಿದ ಬೆಳಕಿನ ಬೊಂಬೆಗೆ ತೊಡಿಸುವುದು. ವಿಡಿಯೊ ನೋಡಿದವರೆಲ್ಲ ನಾದಿನಿಯ ಕುಣಿತಕ್ಕೆ ಮರುಳಾಗುತ್ತಿದ್ದರು. ಸೊಸೆಯ ಹೆಸರು ಎಲ್ಲೂ ಇರಲಿಲ್ಲ. ತನ್ನ ಹೆಸರನ್ನೂ ಹಾಕಿ ಎಂದು ಒಮ್ಮೆ ಕೇಳಿದ್ದಳು. "ಮನೆ ಗುಟ್ಟು ಬೀದಿಗೆ ಹಾಕ್ತೀಯಾ? ನನ್ನ ಮಗಳನ್ನ ನೋಡಿ ಜನ ನಗಬೇಕಾ?" ಎಂದು ಅತ್ತೆ ಹರಿಹಾಯ್ದಿದ್ದರು. ಅವತ್ತಿನಿಂದ ಅವಳು ಬಾಯಿ ಹೊಲಿದುಕೊಂಡಿದ್ದಳು.

ಅತ್ತೆಯ ಬಳಿ ದೂರುಗಳಿಗೇನು ಬರವೇ! ಎಲ್ಲಕ್ಕಿಂತ ದೊಡ್ಡ ದೂರು, ಸೊಸೆ ಒದ್ದೆ ಕೈಯನ್ನು ಸೊಂಟದ ಎರಡೂ ಬದಿಗೆ, ಮೊದಲು ಅಂಗೈ ಆಮೇಲೆ ಹಿಂಗೈ, ಒರೆಸಿಕೊಳ್ಳುತ್ತಾಳೆಂಬುದು. "ಟವೆಲ್ ತೂಗುಹಾಕಿರೋದು ನೋಡೋಕಾ?" ಎಂದು ದಿನವೂ ಅರ್ಚನೆಯಾಗುತ್ತಿತ್ತು.

ಅವಳು ಹಲ್ಲುಕಚ್ಚಿ ಕುಣಿದಳು. ಮುಗಿಯುತ್ತಲೇ ಮೊಣಕಾಲು ಮಡಚಿಕೊಂಡಿತು. ಗಂಡ ಹಿಡಿದೆತ್ತಿ ಕೂರಿಸಿದ. ಇನ್ನು ಕುಣಿತವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಿಡಿಯೊ ಸಿದ್ಧವಾದ ದಿನ ನಾಲ್ವರೂ ಹಾಲಿನಲ್ಲಿ ಕೂತು ನೋಡಿದರು. "ನನ್ನ ಮಗಳ ಕುಣಿತ ನೋಡು, ಎರಡು ಕಣ್ಣು ಸಾಲದು!" ಎಂದು ಅತ್ತೆ ಹಿಗ್ಗುತ್ತಿದ್ದರು. ನಡುವೆ ತಾಳ ತಟಕ್ಕನೆ ನಿಂತಿತು. ಆ ಮೌನದಲ್ಲಿ ಬೆಳಕಿನ ಬೊಂಬೆ ಎರಡೂ ಕೈಗಳನ್ನು ಸೊಂಟಕ್ಕೆ ಒರೆಸಿಕೊಂಡಿತು... ಮೊದಲು ಅಂಗೈ, ಆಮೇಲೆ ಹಿಂಗೈ.

ಅತ್ತೆ ಕೂತಲ್ಲಿಂದಲೇ ಪರದೆಯ ಕಡೆಗೆ ಬಾಗಿದರು.

"ಅಯ್ಯೋ, ಇದೊಂದು ಕಣ್ತಪ್ಪಿ ಉಳಿದುಬಿಟ್ಟಿದೆ. ಈಗಲೇ ಅಳಿಸ್ತೀನಿ," ಗಂಡ ಗಡಿಬಿಡಿಯಿಂದ ಎದ್ದ. ಬೈಗುಳಕ್ಕೆ ಕಾಯುತ್ತ ಸೊಸೆ ತಲೆ ತಗ್ಗಿಸಿದಳು.

"ಮುಟ್ಟಬೇಡ ಅದನ್ನ!" ಅತ್ತೆ ಮಗನ ಕೈ ಹಿಡಿದು ತಡೆದರು. "ಪೂರ್ತಿ ಮೈ ಅವಳದ್ದೇ ತಗೊಂಡ್ವಲ್ಲೋ... ಹೆಸರಂತೂ ಹಾಕಲಿಲ್ಲ. ಅದೊಂದಾದ್ರೂ ಅವಳದ್ದು ಅಂತ ಇರಲಿ."

"ಹಾಗಾದ್ರೆ ವೇದಿಕೆ ಮೇಲೆ ಈ ಹಾಡು ಹಾಡೋವಾಗ ನಾನೂ ಇದೊಂದನ್ನ ಹಾಗೇ ಮಾಡ್ಬೇಕಲ್ಲ," ನಾದಿನಿ ಮೆಲ್ಲನೆ ಎದ್ದಳು. "ಅತ್ತಿಗೆ, ಒಂದ್ಸಲ ತೋರಿಸಿಕೊಡ್ತೀರಾ?"

ಸೊಸೆ ಕುರ್ಚಿಯ ತೋಳು ಹಿಡಿದು ಏಳಲು ನೋಡಿದಳು. ಕಾಲು ಊರಲಾಗಲಿಲ್ಲ.

"ನೀನು ಕೂತ್ಕೋ," ಎಂದ ಅತ್ತೆ ತಾವೇ ಕೋಣೆಯ ನಡುವೆ ಹೋಗಿ ನಿಂತರು. "ನಾನು ತೋರಿಸ್ತೀನಿ. ಇಷ್ಟು ವರ್ಷ ನೋಡಿದ್ದೀನಲ್ಲ."

ಒಣಗಿದ ಆ ಮುದಿ ಕೈಗಳು ಸೊಂಟದ ಎರಡೂ ಬದಿಗೆ ಜಾರಿದವು. ಮೊದಲು ಅಂಗೈ, ಆಮೇಲೆ ಹಿಂಗೈ. ಒಂದಿಷ್ಟೂ ತಪ್ಪಿರಲಿಲ್ಲ.