ಎರಡು ಕಡೆಯ ಅಳತೆ

ಮಾಚೇನಹಳ್ಳಿಯ ವರ್ಕ್‌ಶಾಪಿನ ಗೇಟಿನಲ್ಲಿ ಮೈತ್ರಿಯನ್ನು ಕಂಡಿದ್ದೇ ತಡ, ಪರಮೇಶ್ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿಬಿಟ್ಟ.

ಹೆಂಡತಿಯ ಕಣ್ಣಿಗೆ ಅದು ಬೀಳದೇ ಇರಲಿಲ್ಲ.

"ಎಂಟು ತಿಂಗಳ ಬಸುರಿ... ಭದ್ರಾವತಿಯಿಂದ ಒಬ್ಬಳೇ ಬಸ್ಸಲ್ಲಿ ಬಂದ್ಯಾ?"

"ನೀವು ಬರ್ಲಿಲ್ವಲ್ಲ. ಅದಕ್ಕೆ ನಾನೇ ಬಂದೆ."

ಮದುವೆಯಾದ ಮೇಲೆ ಮೈತ್ರಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ರವಿಕೆಯ ಎರಡು ತೋಳೂ ಒಂದೇ ಅಳತೆಗೆ ಬರದಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಹೆಣ್ಣು. ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೆ ಊಟ ಬಿಟ್ಟು ಎದ್ದು ಸರಿಮಾಡುತ್ತಿದ್ದಳು. ಪರಮೇಶ್ ಅದನ್ನೇ ಹಿಡಿದು ರೇಗಿಸುತ್ತಿದ್ದ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಮೆಷಿನ್ನಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋದವು. ಗಾಯ ಒಣಗಿದರೂ ಮನೆಯಲ್ಲಿ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದ. ಸೀಮಂತದ ದಿನ ಅದನ್ನು ಬಿಚ್ಚಿದ್ದ. ಹೆಂಗಸರೆಲ್ಲ ಸೇರಿ, "ನೀನೂ ಒಂದು ಬಳೆ ತೊಡ್ಸಪ್ಪ" ಎಂದು ತಮಾಷೆ ಮಾಡಿದರು. ಅವನು ಎಡಗೈ ಚಾಚಿದ. ಮೈತ್ರಿ ಬೆಚ್ಚಿ ತನ್ನ ಕೈ ಎಳೆದುಕೊಂಡಳು.

ಒಂದು ಕ್ಷಣ, ಅಷ್ಟೇ. ಮತ್ತೆ ತಾನೇ ಕೈ ನೀಡಿದಳು. ಅಷ್ಟರಲ್ಲಿ ಅವನು ಬಳೆಯನ್ನು ಅತ್ತೆ ಲಿಂಗಮ್ಮನ ಕೈಗಿತ್ತು ಎದ್ದುಹೋಗಿದ್ದ.

ಅವಳು ಭದ್ರಾವತಿಯ ತವರಿಗೆ ಹೋದ ಮೇಲೆ ಅವನು ಒಮ್ಮೆಯೂ ನೋಡಲು ಬರಲಿಲ್ಲ. 'ಇವರಿಗೆ ಮಗು ಬೇಡವಾಯಿತೇ...?' ಎಂದು ಅವಳು ಕೊರಗಿದಳು.

"ಮಗು ಮುಖ ನೋಡಿದ್ರೆ ಸರಿಹೋಗ್ತಾರೆ ಕಣೇ," ಎಂದಳು ತಾಯಿ ಲಿಂಗಮ್ಮ.

ಮೈತ್ರಿಗೆ ಅಲ್ಲಿಯವರೆಗೆ ಕಾಯುವ ಮನಸ್ಸಿರಲಿಲ್ಲ.

ಇಬ್ಬರೂ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತರು.

"ನಿನಗೆ ಎಲ್ಲಾ ಸಮ ಇರ್ಬೇಕು ಮಾರಾಯ್ತಿ," ಅವನು ನೆಲ ನೋಡುತ್ತ ಹೇಳಿದ. "ಆವತ್ತು ನೀನು ಹೆದರಿದೆ. ನಾಳೆ ಮಗೂನೂ ಹೆದರುತ್ತೆ."

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ಹೆದರಿದ್ದು ನಿಜ. ಆ ಕೈನ ಬಟ್ಟೆ ಸುತ್ತದೆ ಮೊದಲನೇ ಸಲ ನೋಡಿದ್ದು. ತಪ್ಪಾಯ್ತು. ಆದ್ರೆ ನೀವು ಇನ್ನೊಂದು ಗಳಿಗೆ ನಿಲ್ಲಲೇ ಇಲ್ಲ."

ಅವನು ಜೇಬಿನಲ್ಲಿದ್ದ ಕೈಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

"ನನ್ನನ್ನೇ ನೋಡಿ. ಮಗು ಬಲಗಡೆಗೇ ಒತ್ಕೊಂಡಿದೆ. ಒಂದು ನೈಟಿ ಹೊಲ್ಕೊಳ್ಳೋಕೆ ಹೋದ್ರೆ ಎರಡು ಕಡೆ ಅಳತೆ ಒಂದೇ ಬರ್ಲೇ ಇಲ್ಲ. ಆದ್ರೂ ನಾನೇನು ಬೀಳ್ತಾ ಇಲ್ವಲ್ಲ ರೀ... ಮುಂದೆ ಭಾರ ಆದ್ರೆ ಬೆನ್ನು ತಾನೇ ಹಿಂದಕ್ಕೆ ವಾಲುತ್ತೆ. ಸಮ ಅಂದ್ರೆ ಎರಡು ಕಡೆ ಒಂದೇ ಥರ ಇರೋದು ಅಂದ್ಕೊಂಡಿದ್ದೆ. ಒಂದು ಕಡೆಗೆ ಇನ್ನೊಂದು ಕಡೆ ಆಸರೆ ಆಗೋದು ಅಂತ ಈಗ ಗೊತ್ತಾಯ್ತು."

ಟೀ ಆರಿಹೋಗಿತ್ತು. ಕೊನೆಗೆ ಅವನು ಕೇಳಿಯೇಬಿಟ್ಟ.

"ಎತ್ಕೊಂಡಾಗ ಮಗು ಜಾರಿದ್ರೆ?"

ಇಷ್ಟು ದಿನ ಅವನನ್ನು ದೂರ ಇಟ್ಟಿದ್ದು ಈ ಭಯವೇ.

"ಕೆಳಗೆ ನನ್ನ ಕೈ ಇರುತ್ತೆ," ಎಂದಳು ಮೈತ್ರಿ.

ಭದ್ರಾವತಿ ಬಸ್ಸು ಬರುವ ಹೊತ್ತಿಗೆ ಪರಮೇಶ್ ಮಾಲೀಕರಿಗೆ ಹೇಳಿ ಬಂದಿದ್ದ. ಅವಳ ಜೊತೆಗೇ ಹತ್ತಿದ. ಸೀಟಿನಲ್ಲಿ ಕುಳಿತು ಅವಳ ಹೊಟ್ಟೆಯ ಮೇಲೆ ಎಡಗೈಯನ್ನೇ ಇಟ್ಟ. ಒಳಗಿನಿಂದ ಮಗು ಒದ್ದಿತು.

"ನಿನ್ನ ಬಿಟ್ಟು ಇರೋದು ನನಗೆ ಬಹಳ ಕಷ್ಟ ಆಯ್ತು ಮೈತ್ರಿ."

"ಗೊತ್ತು... ಕೈ ಇನ್ನೂ ನೋಯುತ್ತಾ?"

"ಚಳಿಗಾಳಿ ಬಿದ್ರೆ ಸ್ವಲ್ಪ."

"ಹಂಗಾದ್ರೆ ಹಿಂಗೇ ಇರ್ಲಿ," ಎಂದು ಅವಳು ಆ ಕೈಯ ಮೇಲೆ ಸೆರಗು ಹೊದಿಸಿದಳು.